ಕೊರೊಲ್ಲಾ ಬೆಳಗ್ಗೆ ಬೆಳಗ್ಗೆ ಕಿರುಚುತ್ತದೆ, ಬೆಲ್ಟ್ ಮನೆಯಲ್ಲೇ ಬದಲಾಯಿಸೋಣ ಅಂತಿದ್ದೇನೆ

ಬಿಡದಿ ಕೊರೊಲ್ಲಾ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2005ರ ಕೊರೊಲ್ಲಾ ಇದೆ, 1.8 ಪೆಟ್ರೋಲ್. ಅಪ್ಪ ತೆಗೆದುಕೊಂಡ ಗಾಡಿ, ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಬಂದದ್ದು. 1,62,000 ಕಿಲೋಮೀಟರ್ ಓಡಿದೆ. ಅಪ್ಪ ಈಗ ಇಲ್ಲ. ಹಾಗಾಗಿ ಈ ಗಾಡಿಯನ್ನು ಮಾರುವ ಮಾತೇ ಇಲ್ಲ, ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತ ಆಸೆ.

ಮೂರು ವಾರದಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೀಂಯ್ ಅಂತ ಜೋರಾಗಿ ಕಿರುಚುತ್ತದೆ. ಪಕ್ಕದ ಮನೆ ಅಜ್ಜಿ ಎದ್ದು ಬಾಗಿಲಿಗೆ ಬರುವಷ್ಟು ಜೋರು. ಒಂದು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಎಸಿ ಹಾಕಿದರೆ, ಇಲ್ಲ ಪಾರ್ಕಿಂಗಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮತ್ತೆ ಶುರು. ಒಂದು ಗ್ಯಾರೇಜಿಗೆ ಹೋಗಿದ್ದೆ. ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕದಲ್ಲಿ ಡೈನಮೋ, ಎಸಿ ಎಲ್ಲ ತಿರುಗಿಸುವ ರಬ್ಬರ್ ಬೆಲ್ಟಿನ ಮೇಲೆ ಏನೋ ಸ್ಪ್ರೇ ಹೊಡೆದರು, ಸದ್ದು ನಿಂತಿತು, ದುಡ್ಡು ಕೊಟ್ಟು ಬಂದೆ. ನಾಲ್ಕನೇ ದಿನಕ್ಕೆ ಮತ್ತೆ ಅದೇ ಕಿರುಚಾಟ, ಮೊದಲಿಗಿಂತ ಜಾಸ್ತಿ.

ಬೆಲ್ಟ್ ಹಳೆಯದಾಗಿದೆ ಅಂತ ನನಗೂ ಅನ್ನಿಸುತ್ತಿದೆ. ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ಬಿಲ್ಲುಗಳ ಫೈಲಿನಲ್ಲಿ ಹುಡುಕಿದೆ, ಸಿಗಲಿಲ್ಲ. ನನಗೆ ಆಯಿಲ್ ಬದಲಾಯಿಸಲು ಬರುತ್ತದೆ, ಬ್ರೇಕ್ ಪ್ಯಾಡ್ ಹಾಕಿದ್ದೇನೆ. ಇದನ್ನು ಮನೆಯಲ್ಲಿ ಮಾಡಬಹುದಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇ ಅಂಬಾಸಿಡರ್ (ಹುಬ್ಬಳ್ಳಿ)

ಖಂಡಿತ ಮಾಡಬಹುದು ನೋಡ್ರಿ. ನಾನು ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವನು. ಆಗ ಫ್ಯಾನ್ ಬೆಲ್ಟ್ ಅಂದರೆ ವಿ ಆಕಾರದ ಒಂದೇ ಬೆಲ್ಟು. ಸಡಿಲಾದರೆ ಡೈನಮೋದ ಬೋಲ್ಟ್ ಲೂಸ್ ಮಾಡಿ, ಟಾಮಿ ರಾಡ್ ಕೊಟ್ಟು ಹಿಂದಕ್ಕೆ ಮೀಟಿ, ಹಾಗೇ ಹಿಡಿದು ಟೈಟ್ ಮಾಡುವುದು. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅಷ್ಟೇ ಲೆಕ್ಕ. ನಿಮ್ಮದರಲ್ಲಿ ಹಾಗಲ್ಲ. ಒಂದೇ ಉದ್ದ ಬೆಲ್ಟು ಹಾವಿನ ಹಾಗೆ ಎಲ್ಲ ಪುಲ್ಲಿಗಳನ್ನೂ ಸುತ್ತಿಕೊಂಡು ಹೋಗುತ್ತದೆ. ಎಳೆದು ಹಿಡಿಯೋಕೆ ಟೆನ್ಶನರ್ ಅಂತ ಬೇರೆ ಇದೆ. ನೀವು ಟೈಟ್ ಮಾಡುವುದು ಏನೂ ಇಲ್ಲ. ಅಂದರೆ, ಸಡಿಲಾಗಿದ್ದರೆ ಯಾಕೆ ಸಡಿಲಾಯಿತು ಅಂತ ಹುಡುಕಬೇಕು, ಅಲ್ಲಿದೆ ಕೆಲಸ.

ಆ ಸ್ಪ್ರೇ ಮಾತ್ರ ಇನ್ನೊಮ್ಮೆ ಯಾರ ಕೈಲೂ ಹೊಡೆಸಬೇಡಿ.

ಎಡಿಸನ್ ಶೆಡ್ (ನ್ಯೂಜೆರ್ಸಿ)

ಮೈಸೂರಿನವರೇ, ನನ್ನದೂ ಅದೇ ಇಂಜಿನ್, 2006ರ ಕೊರೊಲ್ಲಾ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದಾಗ ಹಳೇ ಬೆಲ್ಟು ಎಷ್ಟು ಕಿರುಚುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಎರಡು ಸಲ ಮನೆ ಮುಂದೆಯೇ ಬದಲಾಯಿಸಿದ್ದೇನೆ.

ಆದರೆ ಬೆಲ್ಟ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಾಟಲಿಯಲ್ಲಿ ನೀರು ತುಂಬಿ, ಸದ್ದು ಬರುತ್ತಿರುವಾಗ ಬೆಲ್ಟಿನ ಗೀರು ಇರುವ ಬದಿಗೆ ದೂರದಿಂದ ಸ್ವಲ್ಪ ಚಿಮುಕಿಸಿ. ಕೈ, ತೋಳು, ಕುತ್ತಿಗೆಯ ಸರ ಯಾವುದೂ ಹತ್ತಿರ ಹೋಗಬಾರದು. ನೀರು ಬಿದ್ದ ತಕ್ಷಣ ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ ಅಂತ ಅರ್ಥ. ಅಂದರೆ ಬೆಲ್ಟ್ ಸವೆದಿದೆ, ಇಲ್ಲ ಟೆನ್ಶನರ್ ಸೋತಿದೆ, ಇಲ್ಲ ಬೆಲ್ಟಿನ ಮೇಲೆ ಆಯಿಲ್ಲೋ ಕೂಲಂಟೋ (ಇಂಜಿನ್ ತಣ್ಣಗಿಡುವ ನೀರು) ಬಿದ್ದಿದೆ. ನೀರು ಬಿದ್ದಾಗ ಸದ್ದು ನಿಂತು, ಒಣಗಿದ ಮೇಲೆ ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ಆ ಸದ್ದು ಸಾಮಾನ್ಯವಾಗಿ ಕೀಂಯ್ ಅನ್ನುವುದಿಲ್ಲ, ಹಕ್ಕಿ ಚಿಲಿಪಿಲಿ ಅಂದ ಹಾಗೆ ತಾಳ ಹಿಡಿದು ಬರುತ್ತದೆ. ಗರಗರ ಅಂದರೆ ಬೇರಿಂಗ್. ಮೂರೂ ಬೇರೆ ಬೇರೆ ಕಾಯಿಲೆ, ಬೆಲ್ಟ್ ಹಾಕಿದರೆ ವಾಸಿಯಾಗುವುದು ಒಂದು ಮಾತ್ರ.

ಇನ್ನು ಕೆಲಸಕ್ಕೆ ಬರೋಣ. ಬೆಲ್ಟ್ ಇರುವುದು ಗಾಡಿಯ ಬಲಬದಿ. ಇಲ್ಲಿ ಅದು ಡ್ರೈವರ್ ಪಕ್ಕದ ಸೀಟಿನ ಕಡೆ, ನಿಮ್ಮಲ್ಲಿ ಡ್ರೈವರ್ ಕಡೆ. ಇಂಜಿನ್ನಿಗೂ ಗಾಡಿಯ ಗೋಡೆಗೂ ನಡುವೆ ಜಾಗ ತುಂಬಾ ಕಡಿಮೆ, ಕೈ ಹೋಗುತ್ತದೆ, ಸಾಕೆಟ್ ಹಾಕಿದ ರ‍್ಯಾಚೆಟ್ ಹೋಗುವುದಿಲ್ಲ. ಟೆನ್ಶನರಿನ ಮೇಲೆ 19 ನಂಬರಿನ ಆರು ಮೂಲೆಯ ತಲೆ ಇದೆ. ತೆಳ್ಳಗೆ ಉದ್ದ ಇರುವ ರಿಂಗ್ ಸ್ಪ್ಯಾನರ್ ಬೇಕು. ಪುಲ್ಲಿಗಳ ಕಡೆಯಿಂದ ನೋಡಿದರೆ ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಬೇಕು. ಇದರ ಟೆನ್ಶನರ್ ಸ್ಪ್ರಿಂಗ್ ಒಂದರದ್ದೇ ಅಲ್ಲ, ಒಳಗೆ ಆಯಿಲ್ ಇರುವ ಶಾಕ್ ಅಬ್ಸಾರ್ಬರ್ ತರಹದ್ದು. ಹಾಗಾಗಿ ಒಮ್ಮೆಲೇ ಎಳೆದರೆ ಬರುವುದಿಲ್ಲ. ನಿಧಾನವಾಗಿ ಒತ್ತುತ್ತಾ ಇರಿ, ತಾನಾಗಿ ಬಗ್ಗುತ್ತದೆ. ಬಿಡುವಾಗಲೂ ನಿಧಾನ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಜಾಮ್ ಆಗಿದೆ ಅಂದುಕೊಂಡು ಅರ್ಧ ಗಂಟೆ ಕಳೆದೆ.

ಮುಂದಿನ ಬಲ ಚಕ್ರ ತೆಗೆದು, ಒಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಕೆಳಗಿನ ಪುಲ್ಲಿಗಳು ಚೆನ್ನಾಗಿ ಕಾಣಿಸುತ್ತವೆ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿಯ ಮೈನಸ್ ತೆಗೆದು ಕೆಲಸ ಮಾಡಿ, ಡೈನಮೋಗೆ ಬರುವ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಇಂಜಿನ್ ಪೂರ್ತಿ ತಣ್ಣಗಾಗಿರಲಿ.

ಇನ್ನೊಂದು. ಈ ಇಂಜಿನ್ನಿನಲ್ಲಿ ಒಳಗಿನ ಟೈಮಿಂಗ್ ಚೈನಿಗೆ ಬೇರೆ ಟೆನ್ಶನರ್ ಇದೆ, ಅದರ ಓ ರಿಂಗ್ (ರಬ್ಬರ್ ಉಂಗುರ) ಗಟ್ಟಿಯಾಗಿ ಆಯಿಲ್ ಜಿನುಗುವುದು ತುಂಬಾ ಗಾಡಿಗಳಲ್ಲಿ ಇದೆ. ಅದು ಬೆಲ್ಟಿನ ಕಡೆಯೇ ಇರುವುದು. ಅದನ್ನೂ ನೋಡಿ.

ಘಾಟಿ ರಸ್ತೆ (ಪುತ್ತೂರು)

ಮಾರಾಯ್ರೇ, ಏನು ಮಾಡಿದರೂ ತಡ ಮಾಡಬೇಡಿ. ನಾನು ಎರಡು ತಿಂಗಳು ಕಿರುಚಾಟ ಕೇಳಿಕೊಂಡೇ ಓಡಿಸಿದವ. ಜುಲೈಯಲ್ಲಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಜೋರು ಮಳೆ. ಟಪ್ ಅಂತ ಒಂದು ಸದ್ದು. ಮೊದಲು ಬ್ಯಾಟರಿ ದೀಪ ಹತ್ತಿತು. ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ಕಲ್ಲು. ಎರಡೂ ಕೈಯಲ್ಲಿ ಎಳೆದರೂ ತಿರುಗದು. ಪಕ್ಕದಲ್ಲಿ ಹೆಂಡತಿ, ಹಿಂದೆ ಮಕ್ಕಳು, ಎದುರಿಂದ ಟ್ಯಾಂಕರ್. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಾ ಇತ್ತು. ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ಅಲ್ವಾ. ಕೂಡಲೇ ಆಫ್ ಮಾಡಿದೆ, ಇಂಜಿನ್ನಿನ ಹೆಡ್ ಉಳಿಯಿತು. ಇನ್ನೊಂದು ನಾಲ್ಕು ಕಿಲೋಮೀಟರ್ ಎಳೆದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು ಅಂತ ಮೆಕ್ಯಾನಿಕ್ ಹೇಳಿದ.

ಒಂದು ಬೆಲ್ಟು ಹೋದರೆ ನಾಲ್ಕು ಕೆಲಸ ನಿಲ್ಲುತ್ತದೆ. ಚಾರ್ಜಿಂಗ್, ಸ್ಟೀರಿಂಗ್, ಎಸಿ, ನೀರು. ಇದರಲ್ಲಿ ನೀರು ನಿಂತದ್ದು ಕಣ್ಣಿಗೆ ಕಾಣುವುದಿಲ್ಲ, ಮುಳ್ಳು ನೋಡಬೇಕು. ಈಗಿನ ಹೊಸ ಗಾಡಿಗಳಲ್ಲಿ ಸ್ಟೀರಿಂಗ್ ಕರೆಂಟಿನದ್ದು, ಅಲ್ಲಿ ಸ್ಟೀರಿಂಗೂ ತಕ್ಷಣ ಗಟ್ಟಿಯಾಗುವುದಿಲ್ಲ. ಬ್ಯಾಟರಿ ದೀಪವನ್ನು ಸುಮ್ನೆ ಅಂತ ಬಿಟ್ಟರೆ ಮುಗಿಯಿತು.

ಬಿಡದಿ ಕೊರೊಲ್ಲಾ

ಪುತ್ತೂರಿನವರೇ, ಓದಿ ಮೈ ಜುಮ್ಮೆಂದಿತು. ವಾರದ ಕೊನೆಗೆ ಮಡಿಕೇರಿಗೆ ಹೋಗುವುದಿತ್ತು, ಮುಂದಕ್ಕೆ ಹಾಕಿದೆ.

ಎಡಿಸನ್ ಅಣ್ಣ ಹೇಳಿದ ನೀರಿನ ಪರೀಕ್ಷೆ ಮಾಡಿದೆ. ನೀರು ಬಿದ್ದ ತಕ್ಷಣ ಸದ್ದು ದುಪ್ಪಟ್ಟಾಯಿತು. ಜಾರುತ್ತಿದೆ ಅಂತಾಯಿತು. ಬೆಲ್ಟ್ ನೋಡಿದೆ, ಒಂದೂ ಬಿರುಕಿಲ್ಲ. ಮೇಲಿನಿಂದ ಹೊಸದರ ಹಾಗೇ ಇದೆ. ಹಾಗಾದರೆ ಬೆಲ್ಟ್ ಚೆನ್ನಾಗಿದೆಯಾ?

ಸ್ಪ್ಯಾನರ್ ಅಕ್ಕ (ಶಿವಮೊಗ್ಗ)

ಬಿರುಕು ನೋಡುವುದು ಹಳೇ ಕಾಲದ ಲೆಕ್ಕ. ಮೊದಲಿನ ಬೆಲ್ಟುಗಳು ನಿಯೋಪ್ರೀನ್ ರಬ್ಬರಿನವು, ವಯಸ್ಸಾದರೆ ಅಡ್ಡಡ್ಡ ಬಿರುಕು ಬಿಡುತ್ತಿದ್ದವು. ಈಗ ಬರುವವು ಇಪಿಡಿಎಂ ರಬ್ಬರ್. ಇವು ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ, ಟಯರ್ ಹಾಗೆ ಸವೆಯುತ್ತವೆ. ಟಾರ್ಚ್ ಹಾಕಿ ಗೀರುಗಳ ಒಳಗೆ ನೋಡಿ. ಹೊಸ ಬೆಲ್ಟಿನಲ್ಲಿ ಎರಡು ಏಣುಗಳ ನಡುವಿನ ಸಂದು ವಿ ತರಹ ಚೂಪಾಗಿರುತ್ತದೆ. ಸವೆದದ್ದರಲ್ಲಿ ಅದು ಅಗಲವಾಗಿ ಯು ತರಹ ಆಗಿರುತ್ತದೆ. ಆಗ ಪುಲ್ಲಿಯ ಏಣು ಸಂದಿನ ಬುಡಕ್ಕೆ ತಾಗುತ್ತದೆ, ಪಕ್ಕದ ಗೋಡೆಗಳಿಗೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಟೆನ್ಶನರ್ ಎಷ್ಟು ಎಳೆದು ಹಿಡಿದರೂ ಅಷ್ಟೇ.

ಬೆಲ್ಟ್ ಕೊಳ್ಳುವಾಗ ಬೆನ್ನಿನ ಮೇಲಿನ ನಂಬರ್ ಓದಿಕೊಂಡು ಹೋಗಿ. ಉದಾಹರಣೆಗೆ 6ಪಿಕೆ1500 ಅಂತ ಇದ್ದರೆ 6 ಅಂದರೆ ಆರು ಏಣು, ಪಿಕೆ ಅಂದರೆ ಏಣಿನ ಅಳತೆ, ಒಂದರಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್, 1500 ಅಂದರೆ ಉದ್ದ ಮಿಲಿಮೀಟರಿನಲ್ಲಿ. ಅಂಗಡಿಯವರು ಹತ್ತು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೂ ನಡೆಯುತ್ತದೆ ಅನ್ನುತ್ತಾರೆ. ನಿಮ್ಮ ಗಾಡಿಯ ಮಾಡೆಲ್, ವರ್ಷ ಹೇಳಿ ಸರಿಯಾದದ್ದನ್ನೇ ಕೇಳಿ ತೆಗೆದುಕೊಳ್ಳಿ. ಹಳೆಯದರ ಮೇಲಿನ ನಂಬರೂ ತಪ್ಪಿರಬಹುದು, ಹಿಂದೆ ಯಾರೋ ಬೇರೆ ಉದ್ದದ್ದು ಹಾಕಿರಬಹುದು.

ಇನ್ನೊಂದು ಮಾತು, ಇದು ನನ್ನಿಂದಲೇ ಆದ ತಪ್ಪು. ನನ್ನ ಹಳೇ ಗಾಡಿಗೆ ಬೆಲ್ಟ್ ಹಾಕುವಾಗ ಸಂಜೆ ಕತ್ತಲಾಗಿತ್ತು. ಕೆಳಗಿನ ಪುಲ್ಲಿಯಲ್ಲಿ ಒಂದು ಏಣು ಹೊರಗೆ ಕೂತದ್ದು ಕಾಣಲಿಲ್ಲ. ಮೇಲಿಂದ ನೋಡಿ ಸರಿಯಿದೆ ಅಂತ ಸ್ಟಾರ್ಟ್ ಮಾಡಿದೆ. ಭದ್ರಾವತಿ ಮುಟ್ಟುವ ಮುಂಚೆ ಬೆಲ್ಟಿನ ಅಂಚು ದಾರ ದಾರವಾಗಿ ಕಿತ್ತು ಬಂತು. ಹೊಸ ಬೆಲ್ಟು, ಒಂದೇ ದಿನ. ಈಗ ನಾನು ಪ್ರತಿ ಪುಲ್ಲಿಯ ಮೇಲೂ ಬೆರಳಾಡಿಸಿ ನೋಡುತ್ತೇನೆ. ಎರಡೂ ಅಂಚಲ್ಲಿ ಪುಲ್ಲಿಯ ತುಟಿ ಕೈಗೆ ಸಿಗಬೇಕು. ದಯವಿಟ್ಟು ಹಗಲಲ್ಲೇ ಮಾಡಿ.

ಹೊಸ ಚಾಲಕ (ಹಾಸನ)

ಒಂದು ಪ್ರಶ್ನೆ. ಟೈಮಿಂಗ್ ಬೆಲ್ಟ್ ಅನ್ನುವುದೂ ಇದೇನಾ? ಅದು ತುಂಡಾದರೆ ಇಂಜಿನ್ನೇ ಹೋಗುತ್ತದೆ ಅಂತ ಕೇಳಿದ್ದೇನೆ, ಭಯ ಆಗುತ್ತದೆ.

ಎಡಿಸನ್ ಶೆಡ್

ಅಲ್ಲ. ಟೈಮಿಂಗ್ ಬೆಲ್ಟ್ ಇಂಜಿನ್ನಿನ ಕವರಿನ ಒಳಗೆ ಇರುತ್ತದೆ, ಹಲ್ಲು ಇರುತ್ತದೆ, ವಾಲ್ವುಗಳ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುತ್ತದೆ. ನಾವು ಮಾತಾಡುತ್ತಿರುವುದು ಹೊರಗೆ ಕಾಣುವ ಬೆಲ್ಟ್. ಈ ಕೊರೊಲ್ಲಾದಲ್ಲಿ ಟೈಮಿಂಗ್ ಬೆಲ್ಟೇ ಇಲ್ಲ, ಚೈನ್ ಇದೆ. ನಿಮ್ಮ ಗಾಡಿ ಯಾವುದು ಅಂತ ಹೇಳಿದರೆ ಅದರಲ್ಲಿ ಏನಿದೆ ನೋಡಿ ಹೇಳಬಹುದು. ಬೆಲ್ಟ್ ಇರುವ ಇಂಜಿನ್ ಆದರೆ ಮ್ಯಾನ್ಯುಯಲ್ಲಿನಲ್ಲಿ ಕಿಲೋಮೀಟರ್ ಬರೆದಿರುತ್ತಾರೆ, ಅದನ್ನು ದಾಟಿಸಬೇಡಿ.

ಬಿಡದಿ ಕೊರೊಲ್ಲಾ

ಭಾನುವಾರ ಬೆಳಗ್ಗೆ ಎಂಟಕ್ಕೆ ಶುರು ಮಾಡಿದೆ. ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮೊದಲು ಮೊಬೈಲಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಆಮೇಲೆ ಮಗಳ ನೋಟ್‌ಬುಕ್ಕಿನಲ್ಲಿ ಬೆಲ್ಟಿನ ದಾರಿ ಚಿತ್ರ ಬಿಡಿಸಿದೆ. ಫೋಟೋಗಿಂತ ಚಿತ್ರವೇ ಉಪಯೋಗಕ್ಕೆ ಬಂತು. ಫೋಟೋದಲ್ಲಿ ಎಲ್ಲ ಕಪ್ಪು ಕಪ್ಪು, ಯಾವ ಪುಲ್ಲಿಗೆ ಬೆಲ್ಟಿನ ಗೀರು ಬದಿ ಕೂತಿದೆ, ಯಾವುದಕ್ಕೆ ಬೆನ್ನು ತಾಗಿದೆ ಅಂತ ತಿಳಿಯುವುದಿಲ್ಲ. ಚಿತ್ರ ಬಿಡಿಸಬೇಕಾದರೆ ಒಂದೊಂದನ್ನೂ ಬೆರಳಿಟ್ಟು ನೋಡಲೇಬೇಕು.

ಬ್ಯಾಟರಿ ಮೈನಸ್ ತೆಗೆದೆ, ಚಕ್ರ ತೆಗೆದೆ, ಸ್ಟ್ಯಾಂಡ್ ಇಟ್ಟೆ. ಪ್ಲಾಸ್ಟಿಕ್ ಕವರಿನ ಎರಡು ಕ್ಲಿಪ್ಪು ಮುರಿದವು, ಇಪ್ಪತ್ತು ವರ್ಷದ ಪ್ಲಾಸ್ಟಿಕ್, ಮುಟ್ಟಿದರೆ ಪುಡಿ. 19ರ ಸ್ಪ್ಯಾನರ್ ಮೇಲಿಂದ ಇಳಿಸಿ ನಿಧಾನವಾಗಿ ಒತ್ತಿದೆ. ಅಣ್ಣ ಹೇಳಿದ್ದು ಸತ್ಯ, ಮೊದಲು ಅಲ್ಲಾಡಲೇ ಇಲ್ಲ, ಹತ್ತು ಎಣಿಸುವಷ್ಟರಲ್ಲಿ ಜೇನು ಇಳಿದ ಹಾಗೆ ಬಗ್ಗಿತು. ಹೆಂಡತಿ ಸ್ಪ್ಯಾನರ್ ಹಿಡಿದಳು, ನಾನು ಮೇಲಿನ ಪುಲ್ಲಿಯಿಂದ ಬೆಲ್ಟ್ ಜಾರಿಸಿದೆ. ಎರಡು ಜನ ಇದ್ದರೆ ತುಂಬಾ ಸುಲಭ.

ಹೊಸದನ್ನೂ ಹಳೆಯದನ್ನೂ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟೆ. ಅಕ್ಕ ಹೇಳಿದ ವಿ ಮತ್ತು ಯು ಆಗ ಕಣ್ಣಿಗೆ ಬಿತ್ತು. ಹಳೆಯದರ ಸಂದಿನಲ್ಲಿ ಉಗುರು ಪೂರ್ತಿ ಕೂರುತ್ತದೆ, ಹೊಸದರಲ್ಲಿ ತುದಿ ಮಾತ್ರ. ಗೀರುಗಳ ಒಳಗೆ ಆ ಸ್ಪ್ರೇಯ ಅಂಟು, ಅದಕ್ಕೆ ಮೆತ್ತಿಕೊಂಡ ಕಪ್ಪು ಧೂಳು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಬೆಲ್ಟ್ ಇಲ್ಲದಿರುವಾಗ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ ನೋಡೋಣ ಅಂತ ಅನ್ನಿಸಿತು. ಟೆನ್ಶನರಿನ ಪುಲ್ಲಿ ಸದ್ದಿಲ್ಲದೆ ತಿರುಗಿತು. ಡೈನಮೋ ಸರಿ. ಎಸಿ ಸರಿ. ಸ್ಟೀರಿಂಗ್ ಪಂಪ್ ಸ್ವಲ್ಪ ಬಿಗಿ, ಅದು ಹಾಗೇ ಇರುತ್ತದಂತೆ. ವಾಟರ್ ಪಂಪಿಗೆ ಬಂದೆ. ತಿರುಗಿಸಿದರೆ ಒಳಗೆ ಮರಳು ಸಿಕ್ಕಿದ ಹಾಗೆ. ಪುಲ್ಲಿಯ ಮೇಲೊಂದು ಕೆಳಗೊಂದು ಬೆರಳಿಟ್ಟು ಅಲ್ಲಾಡಿಸಿದೆ, ಟಕ್ ಟಕ್ ಅಂತ ಆಡುತ್ತದೆ. ಟಾರ್ಚ್ ಹಾಕಿದೆ. ಪುಲ್ಲಿಯ ಹಿಂದೆ ಗುಲಾಬಿ ಬಣ್ಣದ ಪುಡಿ, ಹೋಳಿ ಬಣ್ಣ ಗೋಡೆ ಮೇಲೆ ಒಣಗಿ ಉಳಿದ ಹಾಗೆ. ಕೆಳಗಿನ ತನಕ ಗೆರೆ ಎಳೆದಿದೆ. ಒಂದು ಹನಿ ಒದ್ದೆ ಇನ್ನೂ ಇತ್ತು.

ಕೂಲಂಟ್ ಅಲ್ವಾ ಇದು? ಟ್ಯಾಂಕಿನಲ್ಲಿ ಕಡಿಮೆಯಾಗುತ್ತಿತ್ತು, ತಿಂಗಳಿಗೆ ಒಂದು ಲೋಟ ಹಾಕುತ್ತಿದ್ದೆ. ಹಳೇ ಗಾಡಿ, ಅಷ್ಟು ಕುಡಿಯುತ್ತದೆ ಅಂದುಕೊಂಡಿದ್ದೆ. ಹೊಸ ಬೆಲ್ಟ್ ಹಾಕಿ ಬಿಡಲಾ? ಏನು ಮಾಡಲಿ? ಚಕ್ರ ಇನ್ನೂ ಬಿಚ್ಚಿಯೇ ಇದೆ.

ಸ್ಪ್ಯಾನರ್ ಅಕ್ಕ

ಹೊಸ ಬೆಲ್ಟ್ ಹಾಕಬೇಡಿ! ಪೆಟ್ಟಿಗೆಯಲ್ಲೇ ಇರಲಿ. ಕೂಲಂಟ್ ಬಿದ್ದರೆ ಹೊಸದೂ ಎರಡು ವಾರದಲ್ಲಿ ಕಿರುಚುತ್ತದೆ.

ಎಡಿಸನ್ ಶೆಡ್

ಅಕ್ಕ ಹೇಳಿದ್ದು ಸರಿ. ವಾಟರ್ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸೋತಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಅಂತ. ಆ ತೂತಿನಿಂದ ಜಿನುಗಿದ್ದೇ ನಿಮಗೆ ಕಂಡದ್ದು. ಪುಲ್ಲಿ ಅಲ್ಲಾಡುತ್ತಿದೆ ಅಂದರೆ ಬೇರಿಂಗಿಗೂ ನೀರು ಹೋಗಿದೆ. ಇಷ್ಟು ಆದ ಮೇಲೆ ಬೆಲ್ಟ್ ಜಾರಿದ್ದರಲ್ಲಿ ಆಶ್ಚರ್ಯವಿಲ್ಲ. ಸವೆದ ಬೆಲ್ಟು, ಅದರ ಮೇಲೆ ಕೂಲಂಟ್, ಅದರ ಮೇಲೆ ಸ್ಪ್ರೇ.

ಪಂಪ್ ಬದಲಾಯಿಸಿ. ಚೈನ್ ಕವರ್ ಮುಟ್ಟದೆ ಹೊರಗಿನಿಂದಲೇ ಆಗುವ ಕೆಲಸ. ಆದರೂ ಮೊದಲ ಸಲ ಆದರೆ ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಬೋಲ್ಟುಗಳ ಉದ್ದ ಬೇರೆ ಬೇರೆ, ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು ತೂತು ಮಾಡಿ ಅದರಲ್ಲೇ ಸಿಕ್ಕಿಸಿಡಿ. ಕೂಲಂಟ್ ಬೋಗುಣಿಯಲ್ಲಿ ಹಿಡಿಯಿರಿ, ನೆಲಕ್ಕೆ ಬಿಡಬೇಡಿ. ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ಅದು ಸಿಹಿಯಾಗಿರುತ್ತದೆ.

ಹಳೇ ಅಂಬಾಸಿಡರ್

ತಮ್ಮಾ, ಪುಲ್ಲಿ ಅಲ್ಲಾಡಿಸಿ ನೋಡಿದೆ ಅಲ್ವಾ, ಅಲ್ಲಿಗೆ ಅರ್ಧ ಮೆಕ್ಯಾನಿಕ್ ಆದೆ. ಗ್ಯಾರೇಜಿನಲ್ಲಿ ದಿನಕ್ಕೆ ಹದಿನೈದು ಗಾಡಿ ಬರುತ್ತದೆ, ಒಂದೊಂದು ಪುಲ್ಲಿ ಹಿಡಿದು ಅಲ್ಲಾಡಿಸುವಷ್ಟು ಹೊತ್ತು ಎಲ್ಲರಿಗೂ ಇರುವುದಿಲ್ಲ. ನಿನ್ನ ಗಾಡಿಗೆ ನೀನು ಕೊಡಬಹುದು.

ಬಿಡದಿ ಕೊರೊಲ್ಲಾ

ನಿನ್ನೆ ಮುಗಿಯಿತು. ನಮ್ಮ ಬೀದಿಯ ಕೊನೆಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ, ಅಪ್ಪನಿಗೆ ಪರಿಚಯ. ಅಂಗಡಿ ಮುಚ್ಚಿ ವರ್ಷವಾಯಿತು. ಅವರನ್ನು ಕರೆದುಕೊಂಡು ಬಂದೆ. ಅವರು ಸ್ಟೂಲ್ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಪಂಪ್ ಹೊರಬಂದಾಗ ಕೈಗೆ ಕೊಟ್ಟು ತಿರುಗಿಸು ಅಂದರು. ಹೊಸದನ್ನೂ ಇನ್ನೊಂದು ಕೈಗೆ ಕೊಟ್ಟರು. ಆ ವ್ಯತ್ಯಾಸ ಬರೆದು ಹೇಳಲು ಆಗುವುದಿಲ್ಲ, ಕೈಗೇ ಗೊತ್ತಾಗಬೇಕು.

ಎಲ್ಲ ಪುಲ್ಲಿಗಳ ಗೀರುಗಳನ್ನೂ ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿಸಿದರು. ಗೀರಿನಲ್ಲಿ ಒಂದು ಕಲ್ಲಿನ ಚೂರು ಉಳಿದರೂ ಬೆಲ್ಟ್ ಕುಪ್ಪಳಿಸುತ್ತದೆ ಅಂದರು. ಬೆಲ್ಟನ್ನು ಕೆಳಗಿನ ದೊಡ್ಡ ಪುಲ್ಲಿಯಿಂದ ಹಾಕುತ್ತಾ ಬಂದು, ಕೈಗೆ ಸಿಗುವ ಮೇಲಿನ ಪುಲ್ಲಿಗೆ ಕೊನೆಗೆ ಜಾರಿಸಿದೆ. ಪ್ರತಿ ಪುಲ್ಲಿಯ ಎರಡೂ ಅಂಚಿಗೆ ಬೆರಳಾಡಿಸಿದೆ ಅಕ್ಕ, ಎರಡು ಸಲ. ಮೂವತ್ತು ಸೆಕೆಂಡ್ ಓಡಿಸಿ ಆಫ್ ಮಾಡಿ, ಮತ್ತೆ ನೋಡಿದೆ. ಕೂತಲ್ಲೇ ಕೂತಿದೆ.

ಕೂಲಂಟ್ ತುಂಬಿ, ಒಳಗೆ ಸಿಕ್ಕ ಗಾಳಿ ತೆಗೆಯಲು ರೇಡಿಯೇಟರ್ ಮುಚ್ಚಳ ತೆರೆದಿಟ್ಟು, ಹೀಟರ್ ಫುಲ್ ಹಾಕಿ ಇಂಜಿನ್ ಬಿಸಿಯಾಗುವ ತನಕ ಓಡಿಸಿದೆವು. ತಣ್ಣಗಿರುವಾಗಲೇ ತೆರೆದದ್ದು, ಬಿಸಿ ಇಂಜಿನ್ನಿನ ಮುಚ್ಚಳ ಯಾರೂ ತೆಗೆಯಬೇಡಿ.

ಇವತ್ತು ಬೆಳಗ್ಗೆ ಆರು ಗಂಟೆಗೆ ಸ್ಟಾರ್ಟ್ ಮಾಡಿದೆ. ಏನೂ ಕೇಳಿಸಲಿಲ್ಲ. ಎಸಿ ಹಾಕಿದೆ, ಸ್ಟೀರಿಂಗ್ ಕೊನೆ ತನಕ ತಿರುಗಿಸಿದೆ. ಇಲ್ಲ. ಅಪ್ಪ ಇದ್ದಾಗ ಗಾಡಿ ಹೀಗೇ ಇತ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಹೊಸ ಚಾಲಕ

ಸರ್, ಹಳೇ ಬೆಲ್ಟ್ ಬಿಸಾಕಿದಿರಾ? ದಾರಿಯಲ್ಲಿ ತುಂಡಾದರೆ ಅಂತ ಡಿಕ್ಕಿಯಲ್ಲಿ ಇಟ್ಟುಕೊಳ್ಳಬಹುದಾ?

ಘಾಟಿ ರಸ್ತೆ

ಸವೆದು ಕೂಲಂಟ್ ಕುಡಿದದ್ದನ್ನು ಇಡುವುದು ಬೇಡ ಮಾರಾಯ್ರೇ, ಘಾಟಿಯಲ್ಲಿ ಅದು ಕೈಕೊಡುತ್ತದೆ. ನಾನು ಹೊಸದೇ ಒಂದು ಇಟ್ಟುಕೊಂಡಿದ್ದೇನೆ. ಬಿಸಿಲು ಬೀಳದ ಹಾಗೆ, ಮಡಚದೆ, ದೊಡ್ಡ ಸುರುಳಿ ಮಾಡಿ. ಜೊತೆಗೆ ಸ್ಪ್ಯಾನರ್.

ಬಿಡದಿ ಕೊರೊಲ್ಲಾ

ನಾನೂ ಹಾಗೇ ಮಾಡಿದೆ. ಇನ್ನೊಂದು ಹೊಸ ಬೆಲ್ಟ್, 19ರ ರಿಂಗ್ ಸ್ಪ್ಯಾನರ್, ಟಾರ್ಚ್, ಮಗಳ ನೋಟ್‌ಬುಕ್ಕಿನ ಆ ಹಾಳೆ. ಹಾಳೆಗೆ ಅವಳೇ ಪ್ಲಾಸ್ಟಿಕ್ ಕವರ್ ಹಾಕಿ, ಪುಲ್ಲಿಗಳಿಗೆ ಬಣ್ಣ ತುಂಬಿ ಕೊಟ್ಟಿದ್ದಾಳೆ. ವಾಟರ್ ಪಂಪಿಗೆ ಗುಲಾಬಿ. ಶನಿವಾರ ಮಡಿಕೇರಿಗೆ ಹೊರಟಿದ್ದೇವೆ.